ಹಿತ್ತಿಲಲ್ಲಿ ರಂಬುಟಾನ್: ಬೀಜದ ಗಿಡ ಗಂಡಾದೀತು, ಜೋಕೆ!

ಮಂಗಳೂರು: ಆಟಿ ತಿಂಗಳ ಮಳೆಯ ನಡುವೆ ಕರಾವಳಿಯ ಹಣ್ಣಿನಂಗಡಿಗಳಲ್ಲಿ ಕೆಂಪು ಕೂದಲಿನ ಹಣ್ಣೊಂದು ಗ್ರಾಹಕರ ಕಣ್ಣು ಸೆಳೆಯುತ್ತದೆ. ಸಿಪ್ಪೆ ಬಿಡಿಸಿದರೆ ಒಳಗೆ ಹಾಲುಬಿಳುಪಿನ ರಸಭರಿತ ತಿರುಳು, ತಿರುಳಿನೊಳಗೆ ಬಾದಾಮಿಯನ್ನು ಹೋಲುವ ಒಂದೇ ಬೀಜ. ಇದುವೇ ರಂಬುಟಾನ್. ಹಣ್ಣು ತಿಂದವರು ಬೀಜವನ್ನು ಬಿಸಾಡಲು ಮನಸ್ಸು ಬಾರದೆ ಹಿತ್ತಿಲಿನಲ್ಲಿ ಊರುವುದು ಸಾಮಾನ್ಯ. ಎರಡು ಮೂರು ವಾರಗಳಲ್ಲಿ ಅದು ಮೊಳೆಯುತ್ತದೆ, ಸೊಂಪಾಗಿ ಬೆಳೆಯುತ್ತದೆ, ಐದಾರು ವರ್ಷಗಳಲ್ಲಿ ಮೈತುಂಬ ಹೂವನ್ನೂ ಬಿಡುತ್ತದೆ. ಆದರೆ ಹೂವೆಲ್ಲ ಉದುರಿ ಒಂದೇ ಒಂದು ಕಾಯಿಯೂ ನಿಲ್ಲುವುದಿಲ್ಲ.

ಮನೆಯವರು ಗೊಬ್ಬರ ಹೆಚ್ಚಿಸುತ್ತಾರೆ. ಮರುವರ್ಷ ನೀರು ಹೆಚ್ಚಿಸುತ್ತಾರೆ. ಅದರ ಮರುವರ್ಷ ಅಂಗಡಿಯವರು ಹೇಳಿದ ಔಷಧವನ್ನು ಸಿಂಪಡಿಸುತ್ತಾರೆ. ಫಲಿತಾಂಶ ಮಾತ್ರ ಬದಲಾಗುವುದಿಲ್ಲ. ಇಂತಹ ಮರಕ್ಕೆ ರೋಗವಿರಬೇಕೆಂದಿಲ್ಲ, ಆರೈಕೆಯಲ್ಲಿ ಲೋಪವೂ ಇರಬೇಕೆಂದಿಲ್ಲ. ಬಹುತೇಕ ಅದು ಗಂಡು ಮರವಾಗಿರುತ್ತದೆ, ಅಷ್ಟೇ.

ಹತ್ತು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ, ಎರಡು ತೆಂಗು, ಒಂದು ಮಾವು ಎಂದು ಲೆಕ್ಕ ಹಾಕುವ ಕುಟುಂಬಕ್ಕೆ ಒಂದು ಮರದ ನೆಲ ಮತ್ತು ಆರು ವರ್ಷಗಳ ಕಾಯುವಿಕೆ ಸಣ್ಣ ನಷ್ಟವಲ್ಲ. ಈ ನಷ್ಟವನ್ನು ತಪ್ಪಿಸುವ ಉಪಾಯ ಗಿಡ ನೆಡುವ ದಿನವೇ ನಮ್ಮ ಕೈಯಲ್ಲಿದೆ. ರಂಬುಟಾನ್ ಬೆಳೆಸಲು ಬಯಸುವವರು ಗಮನಿಸಬೇಕಾದ ಸಂಗತಿಗಳ ವಿವರ ಇಲ್ಲಿದೆ.

ಕೂದಲಿನಿಂದ ಬಂದ ಹೆಸರು

ಮಲಯ ಭಾಷೆಯಲ್ಲಿ ‘ರಂಬುಟ್’ ಎಂದರೆ ಕೂದಲು. ಹಣ್ಣಿನ ಹೊರಮೈಯಲ್ಲಿರುವ ಮೃದುವಾದ ಮುಳ್ಳುಗಳೇ ಈ ಹೆಸರಿಗೆ ಕಾರಣ. ಇದರ ಸಸ್ಯಶಾಸ್ತ್ರೀಯ ಹೆಸರು ನೆಫೀಲಿಯಂ ಲಪ್ಪಾಸಿಯಂ. ಮಲೇಷ್ಯಾ, ಇಂಡೊನೇಷ್ಯಾಗಳ ಮಳೆಕಾಡುಗಳು ಇದರ ತವರು. ನಮ್ಮ ಹಿರಿಯರು ತಲೆ ತೊಳೆಯಲು ಬಳಸುತ್ತಿದ್ದ ಅಂಟುವಾಳದ ಕುಟುಂಬಕ್ಕೇ ರಂಬುಟಾನ್ ಕೂಡ ಸೇರಿದೆ. ಉತ್ತರ ಭಾರತದ ಲಿಚ್ಚಿಯೂ ಇದೇ ಕುಟುಂಬದ ಸದಸ್ಯ.

ಲಿಚ್ಚಿಯ ಹತ್ತಿರದ ಬಂಧುವಾದರೂ ಇವೆರಡರ ಸ್ವಭಾವ ಬೇರೆ ಬೇರೆ. ಲಿಚ್ಚಿ ಹೂ ಬಿಡಬೇಕಾದರೆ ಚಳಿಗಾಲದ ತಂಪು ಅಗತ್ಯ. ಕರಾವಳಿಯ ಮನೆಗಳಲ್ಲಿ ನೆಟ್ಟ ಲಿಚ್ಚಿ ಗಿಡಗಳು ಎಲೆ ಬಿಟ್ಟು ಬೆಳೆಯುತ್ತವೆಯೇ ಹೊರತು ಫಲ ಕೊಡಲು ಹಿಂಜರಿಯುವುದು ಈ ಕಾರಣಕ್ಕಾಗಿ. ರಂಬುಟಾನ್‌ಗೆ ಚಳಿ ಬೇಡ, ಚಳಿಯೇ ಅದಕ್ಕೆ ಶತ್ರು. ಸೆಕೆ, ಗಾಳಿಯಲ್ಲಿ ತೇವಾಂಶ, ಸಮೃದ್ಧ ಮಳೆ, ಹೂ ಬಿಡುವ ಮುನ್ನ ಒಂದಷ್ಟು ದಿನಗಳ ಒಣಹವೆ ಇದ್ದರೆ ಅದಕ್ಕೆ ಸಾಕು. ಕರಾವಳಿ ಮತ್ತು ಘಟ್ಟದ ಬುಡದ ಊರುಗಳಲ್ಲಿ ಇವೆಲ್ಲವೂ ಇವೆ.

ಭಾರತದಲ್ಲಿ ನೀಲಗಿರಿಯ ಇಳಿಜಾರಿನಲ್ಲಿರುವ ಕಲ್ಲಾರ್ ಮತ್ತು ಬರ್ಲಿಯಾರ್ ಸರ್ಕಾರಿ ಹಣ್ಣಿನ ತೋಟಗಳು ಮ್ಯಾಂಗೊಸ್ಟೀನ್, ರಂಬುಟಾನ್ ಮುಂತಾದ ಪೂರ್ವ ದೇಶಗಳ ಹಣ್ಣುಗಳಿಗೆ ಮೊದಲಿನಿಂದಲೂ ಹೆಸರಾಗಿವೆ. ಕೇರಳದ ಪತ್ತನಂತಿಟ್ಟ, ಕೋಟ್ಟಯಂ, ಎರ್ನಾಕುಲಂ ಜಿಲ್ಲೆಗಳ ಮನೆಯಂಗಳಗಳಲ್ಲಿ ಇದು ನೆಲೆಯೂರಿ, ಬಳಿಕ ತೋಟದ ಬೆಳೆಯಾಯಿತು. ಅಲ್ಲಿನ ನರ್ಸರಿಗಳ ಮೂಲಕವೇ ದಕ್ಷಿಣ ಕನ್ನಡ, ಉಡುಪಿ ಭಾಗಕ್ಕೂ ಗಿಡಗಳು ಹೆಚ್ಚಾಗಿ ಬಂದಿವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅಧೀನದಲ್ಲಿರುವ ಕೊಡಗಿನ ಚೆಟ್ಟಳ್ಳಿ ಕೇಂದ್ರವು ರಂಬುಟಾನ್ ಕುರಿತು ಸಂಶೋಧನೆ ನಡೆಸಿ, ಕೆಂಪು ಹಣ್ಣಿನ ‘ಅರ್ಕಾ ಕೂರ್ಗ್ ಅರುಣ್’ ತಳಿಯನ್ನೂ ಹಳದಿ ಹಣ್ಣಿನ ಇನ್ನೊಂದು ತಳಿಯನ್ನೂ ಬಿಡುಗಡೆ ಮಾಡಿದೆ.

ಮೂರು ಬಗೆಯ ಮರಗಳು

ಜಾಯಿಕಾಯಿ ಬೆಳೆಸಿದ ಅಡಿಕೆ ತೋಟದವರಿಗೆ ಗಂಡು ಗಿಡದ ತಾಪತ್ರಯವನ್ನು ಹೊಸದಾಗಿ ಹೇಳಬೇಕಿಲ್ಲ. ಪಪ್ಪಾಯಿ ಬೆಳೆಸಿದವರಿಗೂ ಅದು ಗೊತ್ತು. ಆದರೆ ಪಪ್ಪಾಯಿ ಕೆಲವೇ ತಿಂಗಳುಗಳಲ್ಲಿ ಹೂ ಬಿಟ್ಟು ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡುತ್ತದೆ. ರಂಬುಟಾನ್ ಹಾಗಲ್ಲ. ಅದರ ಗುಟ್ಟು ರಟ್ಟಾಗಲು ಐದಾರು ವರ್ಷ ಬೇಕು.

ಬೀಜದಿಂದ ಎದ್ದ ರಂಬುಟಾನ್ ಗಿಡಗಳಲ್ಲಿ ಸುಮಾರು ಅರ್ಧದಷ್ಟು ಗಂಡಾಗಿರುತ್ತವೆ. ಇವುಗಳ ಹೂಗೊಂಚಲು ನೋಡಲು ಬಲು ಸಮೃದ್ಧ. ಒಂದೊಂದು ಗೊಂಚಲಿನಲ್ಲಿ 3 ಸಾವಿರದಷ್ಟು ಹೂಗಳಿರಬಹುದು. ಆದರೆ ಆ ಹೂಗಳಲ್ಲಿ ಕೇಸರಗಳು ಮಾತ್ರ ಇದ್ದು, ಕಾಯಿಯಾಗಬಲ್ಲ ಅಂಡಾಶಯ ಕೆಲಸಕ್ಕೆ ಬರುವುದಿಲ್ಲ. ಉಳಿದ ಗಿಡಗಳಲ್ಲಿ ಹೆಚ್ಚಿನವು ದ್ವಿಲಿಂಗಿ ಹೂಗಳನ್ನು ಬಿಟ್ಟರೂ ಹೆಣ್ಣಾಗಿಯೇ ವರ್ತಿಸುತ್ತವೆ. ಅವುಗಳ ಹೂವಿನಲ್ಲಿ ಕೇಸರಗಳಿದ್ದರೂ ಅವು ಬಿರಿದು ಪರಾಗ ಚೆಲ್ಲುವುದಿಲ್ಲ. ಮೂರನೆಯ ಬಗೆಯ ಮರಗಳಲ್ಲಿ ಹೆಣ್ಣಾಗಿ ವರ್ತಿಸುವ ಹೂಗಳ ಜೊತೆಗೆ ಪರಾಗ ಕೊಡುವ ಹೂಗಳೂ ಅಲ್ಪ ಪ್ರಮಾಣದಲ್ಲಿರುತ್ತವೆ. ಒಂಟಿಯಾಗಿ ನೆಟ್ಟರೂ ತನ್ನಷ್ಟಕ್ಕೆ ಫಲ ಕೊಡಬಲ್ಲ ಮರ ಇದು. ಮನೆಯಂಗಳಕ್ಕೆ ಬೇಕಾದದ್ದು ಈ ಮೂರನೆಯ ಬಗೆ.

ಬೀಜದ ಗಿಡ ಹೆಣ್ಣಾದರೂ ಸಮಸ್ಯೆ ಅಲ್ಲಿಗೇ ಮುಗಿಯುವುದಿಲ್ಲ. ತಾಯಿಮರದ ರುಚಿ ಮಗಳಿಗೆ ಬರುತ್ತದೆಂಬ ಭರವಸೆ ಇಲ್ಲ. ಹಣ್ಣು ಹುಳಿಯಾಗಬಹುದು, ತಿರುಳು ತೆಳುವಾಗಬಹುದು, ತಿರುಳು ಬೀಜಕ್ಕೆ ಅಂಟಿಕೊಂಡು ಬಿಡಿಸಲು ಬಾರದೆ ಹೋಗಬಹುದು.

ಥಾಯ್ಲೆಂಡ್‌ನ ಅತ್ಯಂತ ಪ್ರಸಿದ್ಧ ತಳಿಯ ಕಥೆ ಇದಕ್ಕೆ ಉತ್ತಮ ನಿದರ್ಶನ. ಪೆನಾಂಗ್‌ನಿಂದ ಬಂದ ತವರದ ಗಣಿ ಉದ್ಯಮಿಯೊಬ್ಬರು 1920ರ ದಶಕದಲ್ಲಿ ಸೂರತ್ ಥಾನಿ ಪ್ರಾಂತದ ನಾ ಸಾನ್ ಎಂಬಲ್ಲಿ ತಮ್ಮ ಮನೆಯ ಬಳಿ ರಂಬುಟಾನ್ ಬೀಜಗಳನ್ನು ಊರಿದರು. ಹಾಗೆ ಎದ್ದ ಮರಗಳಲ್ಲಿ ಒಂದರ ಹಣ್ಣು ಮಾತ್ರ ವಿಶೇಷ ಸಿಹಿಯಾಗಿ, ತಿರುಳು ಬೀಜದಿಂದ ಸಲೀಸಾಗಿ ಬಿಡುವಂತಿತ್ತು. ಗಣಿ ಮುಚ್ಚಿದ ಬಳಿಕ ಆ ಜಾಗ ಸರ್ಕಾರದ ವಶಕ್ಕೆ ಬಂದು ಶಾಲೆಯಾಯಿತು. ಶಾಲೆಯ ಅಂಗಳದಲ್ಲಿ ಉಳಿದ ಆ ಮರದಿಂದ ಕಸಿ ಕಟ್ಟಿ ಹರಡಿದ ತಳಿಗೆ ‘ರೊಂಗ್ರಿಯನ್’ ಎಂಬ ಹೆಸರು ಬಂತು. ಥಾಯ್ ಭಾಷೆಯಲ್ಲಿ ಅದರ ಅರ್ಥ ಶಾಲೆ. ಜೊತೆಗೇ ಹುಟ್ಟಿದ ಇತರ ಮರಗಳ ಹೆಸರು ಯಾರಿಗೂ ನೆನಪಿಲ್ಲ. ಆ ಒಂದು ಮರದ ಗುಣ ದೇಶದುದ್ದಗಲಕ್ಕೆ ಹರಡಿದ್ದು ಬೀಜದಿಂದಲ್ಲ, ಕಸಿಯಿಂದ.

ಹಾಗೆಂದು ಬೀಜ ನಿರುಪಯೋಗಿಯಲ್ಲ. ಕಸಿ ಕಟ್ಟಲು ಬೇಕಾದ ಬೇರುಸಸಿಗಳನ್ನು ನರ್ಸರಿಗಳು ಬೀಜದಿಂದಲೇ ಬೆಳೆಸುತ್ತವೆ. ಅದಕ್ಕೂ ಬೀಜ ತಾಜಾ ಇರಬೇಕು. ತಿರುಳಿನ ಜಿಗುಟನ್ನು ತೊಳೆದು ಕೆಲವೇ ದಿನಗಳಲ್ಲಿ ಊರದಿದ್ದರೆ, ಒಣಗಿದ ಬೀಜ ಮೊಳೆಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ.

ಕಸಿ ಗಿಡ ಕೊಳ್ಳುವಾಗ

ರಂಬುಟಾನ್‌ನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಕಣ್ಣು ಕಸಿ. ಉತ್ತಮ ಮರದ ಕೊಂಬೆಯಿಂದ ಮೊಗ್ಗುಳ್ಳ ತೊಗಟೆಯ ತುಣುಕನ್ನು ಬಿಡಿಸಿ, ಬೇರುಸಸಿಯ ಕಾಂಡದಲ್ಲಿ ಅಷ್ಟೇ ಗಾತ್ರದ ಜಾಗ ಮಾಡಿ ಕೂರಿಸಿ ಕಟ್ಟಲಾಗುತ್ತದೆ. ಆದ್ದರಿಂದ ಕಸಿ ಗಿಡದ ಬುಡದಿಂದ ತುಸು ಮೇಲೆ ಕಾಂಡದ ಮೈಯಲ್ಲಿ ಗಾಯ ಮಾಗಿದಂತಹ ಗುರುತು ಸ್ಪಷ್ಟವಾಗಿ ಕಾಣಿಸುತ್ತದೆ. ಬೇರುಸಸಿಯ ತುದಿಯನ್ನು ಕತ್ತರಿಸಿದ ಗುರುತೂ ಅದರ ಪಕ್ಕದಲ್ಲೇ ಇರುತ್ತದೆ. ಬುಡದಿಂದ ತುದಿಯವರೆಗೆ ಕೋಲಿನಂತೆ ನೇರವಾಗಿ, ಗಂಟಿಲ್ಲದೆ ಬೆಳೆದ ಗಿಡ ಬಹುತೇಕ ಬೀಜದ್ದೇ ಆಗಿರುತ್ತದೆ. ಅದಕ್ಕೆ ತಗುಲಿಸಿದ ಚೀಟಿಯಲ್ಲಿ ಏನೇ ಬರೆದಿದ್ದರೂ ನಂಬುವಂತಿಲ್ಲ.

ಕೊಳ್ಳುವ ಮುನ್ನ ಇನ್ನೊಂದನ್ನೂ ಪರೀಕ್ಷಿಸಬೇಕು. ಎಲೆ ಬಿಟ್ಟಿರುವ ಚಿಗುರು ಕಸಿಯ ಗಂಟಿನಿಂದ ಬಂದಿದೆಯೋ ಅಥವಾ ಅದರ ಕೆಳಗಿನಿಂದಲೋ? ಕಸಿ ಸತ್ತು ಬೇರುಸಸಿ ಚಿಗುರಿದ ಗಿಡಗಳೂ ಮಾರಾಟಕ್ಕೆ ಬರುವುದುಂಟು. ಇಂತಹ ಗಿಡ ತಂದರೆ ಹಣ ಕಸಿಗೆ ಕೊಟ್ಟು ಬೀಜದ ಗಿಡ ನೆಟ್ಟಂತೆ.

‘ಒಂದು ಗಂಡು, ಒಂದು ಹೆಣ್ಣು ಗಿಡ ಜೋಡಿಯಾಗಿ ನೆಡಬೇಕು’ ಎಂಬ ಮಾತು ಹಲವೆಡೆ ಕೇಳಿಬರುತ್ತದೆ. ತನ್ನಷ್ಟಕ್ಕೆ ಫಲ ಕೊಡುವ ಮರವೆಂದು ಆಯ್ಕೆ ಮಾಡಿದ ತಳಿಯ ಕಸಿ ಗಿಡಕ್ಕೆ ಇದು ಅನ್ವಯಿಸದು. ಕೇರಳದಲ್ಲಿ ವ್ಯಾಪಕವಾಗಿ ಬೆಳೆಯುವ ಎನ್ 18 ಮತ್ತು ಇಂಡೊನೇಷ್ಯಾ ಮೂಲದ ಬಿಂಜೈ ತಳಿಗಳು ಇಂತಹವು. ಜಾಗವಿದ್ದವರು ಎರಡು ಬೇರೆ ಬೇರೆ ತಳಿಗಳ ಕಸಿ ಗಿಡಗಳನ್ನು ನೆಟ್ಟರೆ ಪರಾಗಸ್ಪರ್ಶಕ್ಕೆ ಇನ್ನಷ್ಟು ಅನುಕೂಲ. ಗಂಡು ಗಿಡಕ್ಕೆಂದು ಪ್ರತ್ಯೇಕ ಜಾಗ ಬಿಡುವ ಅಗತ್ಯವಿಲ್ಲ.

ಯಾವ ಊರಿಗೆ ಒಗ್ಗುತ್ತದೆ?

ಉಷ್ಣಾಂಶ 22ರಿಂದ 30 ಡಿಗ್ರಿ ಸೆಲ್ಸಿಯಸ್ ನಡುವೆ ಇರುವ, ಗಾಳಿಯಲ್ಲಿ ತೇವ ತುಂಬಿದ ಪ್ರದೇಶ ರಂಬುಟಾನ್‌ಗೆ ಪ್ರಶಸ್ತ. ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವಲ್ಲಿ ಗಿಡ ಸೊರಗುತ್ತದೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಕರಾವಳಿ ಹಾಗೂ ಘಟ್ಟದ ಕೆಳಗಿನ ತಾಲ್ಲೂಕುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಕೊಡಗಿನಂತಹ ಎತ್ತರದ ಪ್ರದೇಶದಲ್ಲೂ ಬೆಳೆ ಬರುತ್ತದೆಂಬುದನ್ನು ಚೆಟ್ಟಳ್ಳಿಯ ಪ್ರಯೋಗ ತೋರಿಸಿದೆ. ಆದರೆ ತಂಪಿನ ಊರುಗಳಲ್ಲಿ ಹಣ್ಣು ಮಾಗುವುದು ತಡವಾಗುತ್ತದೆ.

ಬಯಲುಸೀಮೆಯ ಒಣಗಾಳಿ, ಸುಣ್ಣದಂಶ ಹೆಚ್ಚಿರುವ ಮಣ್ಣು ಮತ್ತು ಕೊಳವೆಬಾವಿಯ ಗಡಸು ನೀರು ಇದಕ್ಕೆ ಆಗಿಬರುವುದಿಲ್ಲ. ಎಲೆಗಳ ಅಂಚು ಸುಟ್ಟಂತಾಗಿ, ಹೊಸ ಚಿಗುರು ಹಳದಿಗೆ ತಿರುಗುತ್ತದೆ. ಬೆಂಗಳೂರಿನ ಮಹಡಿ ಮನೆಗಳ ಡ್ರಮ್ಮಿನಲ್ಲಿ ಬೆಳೆಸುವ ಆಸೆಯುಳ್ಳವರೂ ಇದ್ದಾರೆ. ದೊಡ್ಡ ಡ್ರಮ್ಮಿನಲ್ಲಿ ಗಿಡ ಬದುಕೀತು, ಕಣ್ಣಿಗೆ ತಂಪೂ ನೀಡೀತು. ಮನೆಮಂದಿಗೆ ಸಾಲುವಷ್ಟು ಹಣ್ಣನ್ನು ಅದರಿಂದ ನಿರೀಕ್ಷಿಸುವುದು ಸರಿಯಲ್ಲ.

ಕರಾವಳಿಯಲ್ಲೂ ಒಂದು ಎಚ್ಚರಿಕೆ ಅಗತ್ಯ. ರಂಬುಟಾನ್ ಉಪ್ಪನ್ನು ಸಹಿಸದು. ಸಮುದ್ರಕ್ಕೆ ಅಥವಾ ನದಿ ಅಳಿವೆಗೆ ಸಮೀಪದ ಬಾವಿಗಳಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ನೀರು ಉಪ್ಪಾಗುವ ಊರುಗಳಲ್ಲಿ ಈ ಗಿಡ ನೆಡುವ ಮುನ್ನ ಎರಡು ಬಾರಿ ಯೋಚಿಸಬೇಕು.

ನೆಡುವ ಕ್ರಮ

ಮುಂಗಾರಿನ ಮೊದಲ ಮಳೆ ಬಿದ್ದು ನೆಲ ತಂಪಾದ ಸಮಯ ನಾಟಿಗೆ ಯೋಗ್ಯ. ಮಳೆ ಜೋರಾಗಿರುವ ಇಳಿಜಾರು ಪ್ರದೇಶಗಳಲ್ಲಿ ಮಳೆ ಇಳಿಮುಖವಾದ ಬಳಿಕ, ಆಗಸ್ಟ್–ಸೆಪ್ಟೆಂಬರ್‌ನಲ್ಲಿ ನೆಡುವುದೂ ಉಂಟು. ಉದ್ದ, ಅಗಲ, ಆಳ ಮೂರೂ ಎರಡರಿಂದ ಮೂರು ಅಡಿ ಇರುವ ಗುಂಡಿ ತೋಡಿ, ಮೇಲ್ಮಣ್ಣು ಮತ್ತು ಚೆನ್ನಾಗಿ ಕಳಿತ ಹಟ್ಟಿಗೊಬ್ಬರವನ್ನು ಬೆರೆಸಿ ತುಂಬಬೇಕು. ಮುರಕಲ್ಲು ಮೇಲೆದ್ದ ಜಾಗವಾದರೆ ಗುಂಡಿಯನ್ನು ಇನ್ನಷ್ಟು ಅಗಲವಾಗಿಸಿ, ಬೇರು ಇಳಿಯುವಷ್ಟು ಕಲ್ಲನ್ನು ಒಡೆಯುವುದು ಅಗತ್ಯ. ಗುಂಡಿಯಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಆದ್ದರಿಂದ ಗುಂಡಿ ತುಂಬಿದ ಮೇಲೆ ಮಣ್ಣು ನೆಲಮಟ್ಟಕ್ಕಿಂತ ತುಸು ದಿಬ್ಬದಂತೆ ಇರಲಿ.

ಕಸಿಯ ಗಂಟು ಯಾವುದೇ ಕಾರಣಕ್ಕೂ ಮಣ್ಣಿನಡಿ ಹೂತುಹೋಗಬಾರದು. ಪ್ಲಾಸ್ಟಿಕ್ ಚೀಲ ಹರಿಯುವಾಗ ಬೇರಿನ ಮಣ್ಣುಂಡೆ ಒಡೆಯದಂತೆ ಜಾಗ್ರತೆ ವಹಿಸಬೇಕು.

ಬೀಜದ ಮರ 40ರಿಂದ 60 ಅಡಿ ಎತ್ತರಕ್ಕೆ ಹೋಗಬಲ್ಲದು. ಕಸಿ ಮರ ಅಷ್ಟು ಎತ್ತರಕ್ಕೆ ಹೋಗದಿದ್ದರೂ ಅಗಲಕ್ಕೆ ಚೆನ್ನಾಗಿ ಹರಡುತ್ತದೆ. ತೋಟದಲ್ಲಿ ಗಿಡದಿಂದ ಗಿಡಕ್ಕೆ 25ರಿಂದ 30 ಅಡಿ ಅಂತರ ಬೇಕು. ಮನೆಯಂಗಳದಲ್ಲಿ ಗೋಡೆ ಮತ್ತು ಬಾವಿಕಟ್ಟೆಯಿಂದ ಕನಿಷ್ಠ 15 ಅಡಿ ದೂರವಿರಲಿ. ತೆಂಗಿನ ಮರದ ಕೆಳಗೆ ನೆಟ್ಟರೆ ಬೀಳುವ ಮಡಲು ಎಳೆಯ ಗಿಡವನ್ನು ಮುರಿಯಬಹುದೆಂಬುದೂ ನೆನಪಿರಲಿ.

ಮೊದಲ ಎರಡು ವರ್ಷ

ಎಳೆಯ ರಂಬುಟಾನ್ ಬಿಸಿಲಿಗೆ ಅಂಜುತ್ತದೆ, ದೊಡ್ಡದಾದ ಮೇಲೆ ಬಿಸಿಲನ್ನೇ ಬೇಡುತ್ತದೆ. ಮೊದಲ ಎರಡು ವರ್ಷ ನವೆಂಬರ್‌ನಿಂದ ಮೇವರೆಗೆ ತೆಂಗಿನ ಮಡಲಿನಿಂದಲೋ ನೆರಳು ಪರದೆಯಿಂದಲೋ ಅರೆನೆರಳು ಒದಗಿಸಬೇಕು. ಪಕ್ಕದಲ್ಲಿ ಬಾಳೆ ನೆಡುವುದೂ ಉತ್ತಮ ಉಪಾಯ. ಮೂರನೆಯ ವರ್ಷದಿಂದ ನೆರಳನ್ನು ತೆಗೆದುಬಿಡಬೇಕು. ಅಡಿಕೆ ತೋಟದ ದಟ್ಟ ನೆರಳಿನಲ್ಲೇ ಉಳಿದ ಗಿಡ ಬಿಸಿಲು ಅರಸಿ ಎತ್ತರಕ್ಕೆ ಹೋಗುತ್ತದೆ, ಹೂ ಬಿಡುವುದು ಕಡಿಮೆ.

ಇದರ ಆಹಾರ ಹೀರುವ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. ಹೀಗಾಗಿ ಬುಡದ ಸುತ್ತ ಪಿಕ್ಕಾಸಿನಿಂದ ಅಗೆಯಬಾರದು. ತರಗೆಲೆ, ಅಡಿಕೆ ಸಿಪ್ಪೆ, ಒಣಹುಲ್ಲಿನ ಮುಚ್ಚಿಗೆ ಹಾಕಿದರೆ ಬೇಸಿಗೆಯಲ್ಲಿ ತೇವ ಉಳಿಯುತ್ತದೆ. ಮುಚ್ಚಿಗೆ ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು ಹಾಕಬೇಕು.

ಕಸಿಯ ಗಂಟಿನ ಕೆಳಗೆ ಏಳುವ ಚಿಗುರುಗಳನ್ನು ಕಂಡ ಕೂಡಲೇ ಚಿವುಟಿ ತೆಗೆಯುವುದು ಈ ಅವಧಿಯ ಅತಿ ಮುಖ್ಯ ಕೆಲಸ. ಬೇರುಸಸಿಯ ಚಿಗುರು ಕಸಿಗಿಂತ ಚುರುಕಾಗಿ ಬೆಳೆದು ಅದನ್ನು ಮೆಟ್ಟಿಬಿಡುತ್ತದೆ. ವರ್ಷವೊಂದು ಗಮನಿಸದೆ ಬಿಟ್ಟರೆ ಕಸಿ ಗಿಡವೇ ಬೀಜದ ಗಿಡವಾಗಿ ಪರಿಣಮಿಸಿರುತ್ತದೆ. ಗಿಡ ಸುಮಾರು ಮೂರು ಅಡಿ ಎತ್ತರವಾದಾಗ ತುದಿ ಚಿವುಟಿ, ಸುತ್ತಲೂ ಮೂರು ನಾಲ್ಕು ಕೊಂಬೆಗಳನ್ನು ಉಳಿಸಿಕೊಂಡರೆ ಮರ ಕೊಡೆಯಂತೆ ಹರಡಿ ಕೈಗೆಟಕುವ ಎತ್ತರದಲ್ಲಿ ಉಳಿಯುತ್ತದೆ. ಹಣ್ಣು ಕೀಳುವಾಗ ಮತ್ತು ಬಲೆ ಹೊದಿಸುವಾಗ ಇದರ ಪ್ರಯೋಜನ ತಿಳಿಯುತ್ತದೆ.

ಗೊಬ್ಬರದ ವಿಚಾರದಲ್ಲಿ ಹಟ್ಟಿಗೊಬ್ಬರ, ಎರೆಗೊಬ್ಬರ, ಹಿಂಡಿಗಳಿಗೆ ಮೊದಲ ಆದ್ಯತೆ. ಮುಂಗಾರಿನ ಆರಂಭದಲ್ಲೊಮ್ಮೆ, ಮಳೆ ಹಿಂದೆ ಸರಿದ ಮೇಲೊಮ್ಮೆ ಎಂದು ಎರಡು ಕಂತುಗಳಲ್ಲಿ ಕೊಡಬಹುದು. ರಾಸಾಯನಿಕ ಗೊಬ್ಬರ ಬಳಸುವವರು ಪೊಟ್ಯಾಷ್ ಆಯ್ಕೆಯಲ್ಲಿ ಎಚ್ಚರ ವಹಿಸಬೇಕು. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಎಂಒಪಿಯಲ್ಲಿ ಕ್ಲೋರೈಡ್ ಇರುವುದರಿಂದ ಎಲೆಯ ಅಂಚು ಸುಡುವ ಸಂಭವವಿದೆ. ಬದಲಿಗೆ ಸಲ್ಫೇಟ್ ರೂಪದ ಎಸ್‌ಒಪಿ ಸೂಕ್ತ.

ಹೂವಿಗೆ ಬಾಯಾರಿಕೆ ಬೇಕು

ಉತ್ತಮ ಆರೈಕೆಯ ಕಸಿ ಗಿಡ ನೆಟ್ಟ ಮೂರನೆಯ ಅಥವಾ ನಾಲ್ಕನೆಯ ವರ್ಷದಿಂದ ಫಲ ಕೊಡಲಾರಂಭಿಸುತ್ತದೆ. ಗಿಡ ತೀರ ಚಿಕ್ಕದಿರುವಾಗ ಬಂದ ಹೂವನ್ನು ತೆಗೆದುಹಾಕಿ ಕೊಂಬೆ ಬಲಿಯಲು ಬಿಡುವುದು ಲೇಸು.

ರಂಬುಟಾನ್ ಹೂ ಬಿಡಲು ಒಣಹವೆಯ ಪ್ರಚೋದನೆ ಅಗತ್ಯ. ಮಳೆ ಸಂಪೂರ್ಣ ನಿಂತ ಮೇಲೆ, ಫಲಕ್ಕೆ ಬಂದ ಮರಕ್ಕೆ ಮೂರು ನಾಲ್ಕು ವಾರ ನೀರು ನಿಲ್ಲಿಸಬೇಕು. ವರ್ಷವಿಡೀ ಪ್ರೀತಿಯಿಂದ ನೀರುಣಿಸುವ ಮನೆಗಳಲ್ಲಿ ಕಸಿ ಮರವೂ ಹೂ ಬಿಡದೆ ಬರೀ ಎಲೆಯಾಗಿ ಉಳಿಯಲು ಇದೂ ಒಂದು ಕಾರಣ. ಕೊಂಬೆಯ ತುದಿಗಳಲ್ಲಿ ಹೂಗೊಂಚಲು ಮೂಡಿದ್ದು ಖಚಿತವಾದ ಮೇಲೆ ಮೊದಲು ಸ್ವಲ್ಪ, ಬಳಿಕ ಸಾಕಷ್ಟು ಎಂಬಂತೆ ನೀರನ್ನು ಪುನಃ ಆರಂಭಿಸಬೇಕು. ಕಾಯಿ ಬಲಿಯುವಾಗ ನೀರು ಕಡಿಮೆಯಾದರೆ ಹಣ್ಣು ಸಣ್ಣದಾಗುತ್ತದೆ. ಬರಗಾಲದಂತೆ ಒಣಗಿಸಿ ಒಮ್ಮೆಲೇ ನೀರು ಸಿಕ್ಕರೆ ಸಿಪ್ಪೆ ಬಿರಿಯುತ್ತದೆ.

ಕರಾವಳಿಯಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹೂವಿನ ಕಾಲ. ಒಂದು ಹೂವು ಪರಾಗ ಸ್ವೀಕರಿಸಲು ಸಿದ್ಧವಿರುವುದು ಸುಮಾರು ಒಂದು ದಿನ ಮಾತ್ರ. ತುಡುವೆ ಮತ್ತು ಮುಜಂಟಿ ಜೇನುಗಳು ಈ ಕೆಲಸದಲ್ಲಿ ಮುಂದು. ಮನೆಯಲ್ಲಿ ಜೇನುಪೆಟ್ಟಿಗೆ ಇದ್ದವರಿಗೆ ಇದು ವರದಾನ. ಹೂ ಬಿಟ್ಟ ಸಮಯದಲ್ಲಿ ಕೀಟನಾಶಕ ಸಿಂಪಡಿಸಿದರೆ ಜೇನೂ ಇಲ್ಲ, ಕಾಯಿಯೂ ಇಲ್ಲ ಎಂಬ ಸ್ಥಿತಿ ಬರುತ್ತದೆ. ಪರಾಗಸ್ಪರ್ಶ ಸರಿಯಾಗದಿದ್ದರೆ ಕೆಲವು ಕಾಯಿಗಳು ಒಳಗೆ ತಿರುಳಿಲ್ಲದೆ ಜೊಳ್ಳಾಗಿ ಸಣ್ಣದಾಗಿಯೇ ಉಳಿಯುತ್ತವೆ.

ಎಳೆಗಾಯಿಗಳ ಮೇಲೆ ಬಿಳಿ ಹುಡಿ ಎರಚಿದಂತೆ ಕಂಡರೆ ಅದು ಬೂದಿ ರೋಗ. ಆರಂಭದಲ್ಲೇ ನೀರಿನಲ್ಲಿ ಕರಗುವ ಗಂಧಕ ಸಿಂಪಡಿಸಿ ಹತೋಟಿಗೆ ತರಬಹುದು. ಹಣ್ಣಿನ ಕೂದಲುಗಳ ನಡುವೆ ಬಿಳಿ ಹಿಟ್ಟು ತಿಗಣೆಗಳು ಅಡಗುತ್ತವೆ. ಅವುಗಳನ್ನು ಕೊಂಬೆಯಿಂದ ಕೊಂಬೆಗೆ ಸಾಗಿಸುವ ಇರುವೆಗಳನ್ನು ತಡೆದು, ಬೇವಿನೆಣ್ಣೆಯ ದ್ರಾವಣ ಬಳಸಿದರೆ ಮನೆಯ ಮಟ್ಟಿಗೆ ಸಾಕು.

ಕೊಯ್ಲು ಮತ್ತು ಬಾವಲಿಗಳ ಕಾಟ

ಹೂವಿನಿಂದ ಹಣ್ಣಾಗಲು ಸುಮಾರು 15ರಿಂದ 18 ವಾರ ಬೇಕು. ಮಾವು, ಬಾಳೆಗಳಂತೆ ರಂಬುಟಾನ್ ಕಿತ್ತ ಮೇಲೆ ಹಣ್ಣಾಗುವುದಿಲ್ಲ. ಮರದಲ್ಲಿ ಎಷ್ಟು ಸಿಹಿ ತುಂಬಿತ್ತೋ ಅಷ್ಟೇ. ಬಣ್ಣ ಪೂರ್ತಿ ತಿರುಗಿದ ಗೊಂಚಲನ್ನು ತೊಟ್ಟಿನ ಸಮೇತ ಕತ್ತರಿಸಬೇಕು. ಎಲ್ಲ ಗೊಂಚಲುಗಳೂ ಏಕಕಾಲಕ್ಕೆ ಮಾಗದ ಕಾರಣ ಕೊಯ್ಲು ಕೆಲವು ವಾರ ನಡೆಯುತ್ತದೆ. ಕಿತ್ತ ಎರಡು ಮೂರು ದಿನಗಳಲ್ಲಿ ಕೂದಲು ಕಪ್ಪಾಗಿ ಅಂದಗೆಡುತ್ತದೆ, ಒಳಗಿನ ತಿರುಳು ಇನ್ನೂ ಕೆಲವು ದಿನ ಕೆಡುವುದಿಲ್ಲ. ಪೂರ್ಣ ಬೆಳೆದ ಮರವೊಂದು 60–70 ಕಿಲೋ ಇಳುವರಿ ನೀಡಬಲ್ಲದು. ಕೊಯ್ಲಿನ ಬಳಿಕ ಫಲ ಬಿಟ್ಟ ರೆಂಬೆಗಳ ತುದಿಯನ್ನು ಒಂದಡಿಯಷ್ಟು ಸವರಿದರೆ ಮುಂದಿನ ವರ್ಷಕ್ಕೆ ಹೊಸ ಚಿಗುರು ಸಿದ್ಧವಾಗುತ್ತದೆ.

ಅಷ್ಟೂ ಹಣ್ಣು ಮನೆಯವರಿಗೇ ಸಿಗುತ್ತದೆ ಎನ್ನುವಂತಿಲ್ಲ. ಹಗಲು ಅಳಿಲು, ಮಂಗ, ಹಕ್ಕಿಗಳು, ಇರುಳು ಬಾವಲಿಗಳು. ಬಣ್ಣ ತಿರುಗುವ ಮೊದಲೇ ಸಣ್ಣ ಕಣ್ಣಿನ ನೈಲಾನ್ ಬಲೆಯನ್ನು ಮರಕ್ಕೆ ಹೊದಿಸುವುದು ಅಥವಾ ಗೊಂಚಲುಗಳಿಗೆ ಬಲೆಚೀಲ ಕಟ್ಟುವುದು ರೂಢಿಯಲ್ಲಿರುವ ಉಪಾಯ. ದೊಡ್ಡ ಕಣ್ಣಿನ ಸಡಿಲ ಬಲೆಯಲ್ಲಿ ಹಕ್ಕಿ, ಬಾವಲಿಗಳು ಸಿಲುಕಿ ಸಾಯುತ್ತವೆ. ಬಲೆ ಬಿಗಿಯಾಗಿರಬೇಕು.

ಬಾವಲಿಯ ವಿಚಾರ ಕೇವಲ ಹಣ್ಣಿನ ನಷ್ಟಕ್ಕೆ ಸೀಮಿತವಲ್ಲ. ಹಣ್ಣು ತಿನ್ನುವ ಬಾವಲಿಗಳು ನಿಫಾ ವೈರಾಣುವಿನ ಸಹಜ ಆಶ್ರಯದಾತರು. ನೆರೆಯ ಕೇರಳದಲ್ಲಿ 2018ರಿಂದ ಹಲವು ಬಾರಿ ಈ ಸೋಂಕು ಕಾಣಿಸಿಕೊಂಡಿದೆ. 2021ರ ಸೆಪ್ಟೆಂಬರ್‌ನಲ್ಲಿ ಕೋಝಿಕ್ಕೋಡ್ ಜಿಲ್ಲೆಯಲ್ಲಿ 12 ವರ್ಷದ ಬಾಲಕನೊಬ್ಬ ನಿಫಾದಿಂದ ಮೃತಪಟ್ಟಾಗ ಪರಿಶೀಲನೆಗೆ ಬಂದ ಕೇಂದ್ರದ ತಂಡ ಆ ಪರಿಸರದ ರಂಬುಟಾನ್ ಹಣ್ಣುಗಳ ಮಾದರಿಗಳನ್ನೂ ಸಂಗ್ರಹಿಸಿತ್ತು. ಆ ಹಣ್ಣೇ ಸೋಂಕಿನ ಮೂಲವೆಂದು ಸಾಬೀತಾಗಲಿಲ್ಲ. ಆದರೂ ಪಾಠ ಸ್ಪಷ್ಟ. ಕಚ್ಚಿದ, ಗೀರಿದ, ನೆಲಕ್ಕೆ ಬಿದ್ದ ಹಣ್ಣುಗಳನ್ನು ತಿನ್ನಬಾರದು, ಮಕ್ಕಳು ಹೆಕ್ಕದಂತೆ ನೋಡಿಕೊಳ್ಳಬೇಕು. ಅಂತಹ ಹಣ್ಣುಗಳನ್ನು ಬರಿಗೈಯಲ್ಲಿ ಮುಟ್ಟದೆ ಗುಂಡಿ ತೋಡಿ ಹೂಳಬೇಕು. ಮರದಿಂದ ಕಿತ್ತ ಹಣ್ಣನ್ನೂ ತೊಳೆದು, ಸಿಪ್ಪೆಯನ್ನು ಹಲ್ಲಿನಿಂದ ಕಚ್ಚದೆ ಕೈಯಿಂದ ಬಿಡಿಸಿ ತಿನ್ನಬೇಕು. ಬಾವಲಿಗಳನ್ನು ಕೊಲ್ಲುವುದಾಗಲೀ ಅವು ನೇತಾಡುವ ಮರ ಕಡಿಯುವುದಾಗಲೀ ಪರಿಹಾರವಲ್ಲ.

ಪುಟ್ಟ ಮಕ್ಕಳಿರುವ ಮನೆಯವರಿಗೆ ಇನ್ನೊಂದು ಮಾತು. ರಂಬುಟಾನ್ ಜಾರುವ ಹಣ್ಣು. ಇಡೀ ಹಣ್ಣನ್ನು ಬಾಯಿಗಿಟ್ಟರೆ ಬೀಜದ ಸಮೇತ ಜಾರಿ ಗಂಟಲಿನಲ್ಲಿ ಸಿಲುಕಿ ಉಸಿರು ಕಟ್ಟುವ ಅಪಾಯವಿದೆ. ಬೀಜ ತೆಗೆದು, ತಿರುಳನ್ನು ಸಣ್ಣ ತುಂಡು ಮಾಡಿಯೇ ಮಕ್ಕಳಿಗೆ ಕೊಡಬೇಕು. ಹಸಿ ಬೀಜ ತಿನ್ನುವುದು ಯಾರಿಗೂ ಸಲ್ಲದು.

ಗಂಡು ಮರ ಈಗಾಗಲೇ ಇದ್ದರೆ?

ಬೀಜ ಊರಿ ವರ್ಷಗಳಿಂದ ಕಾಯುತ್ತಿರುವವರು ಕೊಡಲಿ ಎತ್ತುವ ಮುನ್ನ ಹೂವನ್ನೊಮ್ಮೆ ಪರೀಕ್ಷಿಸಬೇಕು. ಹೂವಿನ ನಡುವೆ ಎರಡು ಪುಟ್ಟ ಗುಂಡುಗಳು ಅಂಟಿದಂತಹ ಅಂಡಾಶಯ, ಅದರ ತುದಿಯಲ್ಲಿ ಹಾವಿನ ನಾಲಿಗೆಯಂತೆ ಸೀಳಿದ ಶಲಾಕಾಗ್ರ ಕಂಡರೆ ಅದು ಫಲ ಕೊಡಬಲ್ಲ ಮರ. ಅಂತಹ ಮರದಲ್ಲಿ ಕಾಯಿ ನಿಲ್ಲದಿದ್ದರೆ ಪರಾಗದ ಕೊರತೆ ಇರಬಹುದು. ಸಮೀಪದಲ್ಲಿ ಇನ್ನೊಂದು ತಳಿಯ ಕಸಿ ಗಿಡ ನೆಟ್ಟರೆ ಪರಿಹಾರ ಸಿಕ್ಕೀತು. ಬರೀ ಕೇಸರಗಳೇ ಇದ್ದರೆ ಅದು ಗಂಡು.

ಗಂಡು ಮರವನ್ನೂ ಹೆಣ್ಣಾಗಿ ಪರಿವರ್ತಿಸುವ ದಾರಿಯೊಂದಿದೆ. ಬೇಸಿಗೆಯ ಕೊನೆಯಲ್ಲಿ ಕಾಂಡವನ್ನು ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ ಓರೆಯಾಗಿ ಕತ್ತರಿಸಿ, ಕೆಳಗಿನ ಒಂದು ಕೊಂಬೆಯನ್ನು ಮರದ ಪೋಷಣೆಗೆಂದು ಉಳಿಸಿಕೊಳ್ಳಬೇಕು. ಕಡಿದ ಜಾಗಕ್ಕೆ ಬೋರ್ಡೊ ಮುಲಾಮು ಹಚ್ಚಬೇಕು. ಮಳೆಗಾಲದಲ್ಲಿ ಏಳುವ ಹೊಸ ಚಿಗುರುಗಳಲ್ಲಿ ಗಟ್ಟಿಯಾದ ಎರಡು ಮೂರನ್ನು ಉಳಿಸಿ, ಅವು ಪೆನ್ಸಿಲ್ ದಪ್ಪವಾದಾಗ ಉತ್ತಮ ತಳಿಯ ಕಣ್ಣು ಕಸಿ ಮಾಡಬೇಕು. ಕಸಿ ಹತ್ತಿ ಬೆಳೆದ ಬಳಿಕ ಪೋಷಕ ಕೊಂಬೆಯನ್ನು ತೆಗೆದುಹಾಕಬಹುದು. ಬೇರು ಆಗಲೇ ಆಳಕ್ಕಿಳಿದಿರುವುದರಿಂದ ಹೊಸ ಕೊಂಬೆಗಳು ವೇಗವಾಗಿ ಬೆಳೆದು ಎರಡು ಮೂರು ವರ್ಷಗಳಲ್ಲಿ ಫಲ ಕೊಡುತ್ತವೆ. ಹೊಸ ಗಿಡ ನೆಟ್ಟು ಕಾಯುವುದಕ್ಕಿಂತ ಇದು ಬೇಗ. ಕಾಯುವಿಕೆಯ ಅಷ್ಟೂ ವರ್ಷಗಳು ವ್ಯರ್ಥವಾದವೆಂದು ಕೊರಗುವ ಅಗತ್ಯವಿಲ್ಲ. ಜಾಯಿಕಾಯಿ, ಗೇರು, ರಬ್ಬರ್ ಗಿಡಗಳಿಗೆ ಕಸಿ ಕಟ್ಟಿ ಕೈ ಪಳಗಿದವರಿಗೆ ಇದು ಕಷ್ಟದ ಕೆಲಸವೇನಲ್ಲ.

ಗಿಡ ಕೊಳ್ಳುವ ಮುನ್ನ ಆಯಾ ತಾಲ್ಲೂಕಿನ ತೋಟಗಾರಿಕಾ ಇಲಾಖೆಯ ಕಚೇರಿ ಅಥವಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ ತಳಿ, ಮಣ್ಣು ಮತ್ತು ನೀರಿನ ಬಗ್ಗೆ ವಿಚಾರಿಸುವುದು ಒಳಿತು. ಸಾಧ್ಯವಾದರೆ ತಾಯಿಮರವನ್ನು ಹಣ್ಣಿನ ಕಾಲದಲ್ಲಿ ಕಣ್ಣಾರೆ ಕಂಡು, ಹಣ್ಣನ್ನು ರುಚಿ ನೋಡಿ, ಅದರದ್ದೇ ಕಸಿಯನ್ನು ಕೊಳ್ಳಬೇಕು. ಗಿಡದ ಬೆಲೆಯಲ್ಲಿ ನೂರಿನ್ನೂರು ರೂಪಾಯಿ ಉಳಿಸಿದ ಸಂತೋಷ ಬಹುಕಾಲ ಉಳಿಯದು. ತಪ್ಪು ಗಿಡ ಮಾತ್ರ ಅಂಗಳದಲ್ಲಿ ವರ್ಷಗಟ್ಟಲೆ ನಿಂತಿರುತ್ತದೆ.